ಸಾಮಾನ್ಯ ಕ್ಷೇತ್ರದಲ್ಲಿ ಸಾಮಾನ್ಯನೆಲ್ಲಿ?

ಬಳ್ಳಾರಿಯ ಚುನಾವಣೆಯ ಮಾತು ಬಂದೊಡನೆ ನಾಡಿನ ಸುಶಿಕ್ಷಿತರು ಒಮ್ಮೆ ನಕ್ಕು ಮಾತನ್ನು ಮುಗಿಸಿಬಿಡುವುದು ಒಂದು ರೂಢಿಯೇ ಆಗಿಹೋಗಿದೆ. ಅದು ಗಣಿಯ ಧಣಿಗಳ ಊರು. ಅಲ್ಲಿ ಮತ ಹಾಕುವುದು ಮನುಷ್ಯನಲ್ಲ, ಹಣ. ಅಂಥ ಊರಿನ ಪ್ರತಿನಿಧಿ ಯಾರಾದರೇನು ಎಂದು ಬೆಂಗಳೂರಿನವರು ಅನ್ನುತ್ತಾರೆ. ಧಾರವಾಡದವರು ಹೌದೆಂದು ತಲೆದೂಗುತ್ತಾರೆ. ಹೊರಗಿನವರ ಈ ಮಾತನ್ನು ಕೇಳಿಯೂ ಸುಮ್ಮನಿರಬಹುದಾಗಿತ್ತು. ಆದರೆ ಬ್ರೂಸ್‌ಪೇಟೆಯ ಅಂಗಡಿಯ ಕಟ್ಟೆಗಳ ಮೇಲೆ, ಕೋರ್ಟಿನ ಜಗುಲಿಯಲ್ಲಿ, ಶಾಲೆಗಳ ಉಪಾಧ್ಯಾಯರ ಕೊಠಡಿಗಳಲ್ಲಿ ಕುಳಿತ ಬಳ್ಳಾರಿಯ ಗೃಹಸ್ಥರೇ ಇದನ್ನು ಇನ್ನೂ ದೊಡ್ಡ ದನಿಯಲ್ಲಿ ಹೇಳತೊಡಗಿದ್ದಾರೆ. ತನ್ನ ಮನೆಯನ್ನು ತಾನೇ ಹಳಿದರೆ ಆ ಮನೆಯ ಕಸ ಗುಡಿಸುವ ಹೊಣೆ ತಪ್ಪಿತೆಂಬ ಭಾವನೆ ಇವರಿಗಿರುವಂತೆ ತೋರುತ್ತದೆ. ಈ ಭಾವನೆಯನ್ನು ಖಂಡಿಸುವುದಕ್ಕಾಗಿಯೇ ಈ ಲೇಖನ.

ನಮ್ಮ ವಾದವಿಷ್ಟೆ. ಬಳ್ಳಾರಿ ನಗರದ ಮತದಾರನು ಕೆಟ್ಟವನಲ್ಲ. ಸಂದರ್ಭ ಬಂದಾಗಲೆಲ್ಲ ಅವನು ಬಲ್ಲಿದರನ್ನು ಪೀಠದಿಂದ ಇಳಿಸಿಯೇ ಇದ್ದಾನೆ. ಆದರೆ ಅವನ ಮುಂದೆ ಯಾರನ್ನು ತಂದು ನಿಲ್ಲಿಸಬೇಕೆಂಬ ವಿಚಾರದಲ್ಲಿ ಊರಿನ ಓದುಬಲ್ಲ ಜನರು ಕೈಕಟ್ಟಿ ಕುಳಿತುದರಿಂದ, ಅವನಿಗೆ ಇಳಿಸುವ ಅಧಿಕಾರ ಮಾತ್ರ ಉಳಿದು, ಆರಿಸುವ ಅಧಿಕಾರ ಹೋಗಿಬಿಟ್ಟಿದೆ. ಆದುದರಿಂದ ಅಪರಾಧಿಯನ್ನು ಕೇರಿಗಳಲ್ಲಿ ಹುಡುಕತಕ್ಕದ್ದಲ್ಲ. ನಮ್ಮ ನಮ್ಮ ಪಡಸಾಲೆಗಳಲ್ಲಿ ಹುಡುಕತಕ್ಕದ್ದು.

ಮೊದಲು ಈ ಪೀಠದ ಬೆಲೆಯೇನೆಂಬುದನ್ನು ತಿಳಿಯೋಣ. 1800ರಲ್ಲಿ ನಿಜಾಮನು ಈ ಸೀಮೆಯನ್ನು ಇಂಗ್ಲಿಷ್ ಕುಂಪಣಿಗೆ ಬಿಟ್ಟುಕೊಟ್ಟಂದಿನಿಂದ ಒಂದೂವರೆ ಶತಮಾನ ಬಳ್ಳಾರಿಯು ಮದರಾಸಿನ ಬಾಲಕ್ಕೆ ಕಟ್ಟಿದ ಗಂಟಾಗಿ ಉಳಿಯಿತು. 1926ರಲ್ಲಿಯೂ 1938ರಲ್ಲಿಯೂ ಕನ್ನಡ ಸಾಹಿತ್ಯ ಸಮ್ಮೇಲನವು ಇಲ್ಲಿಯೇ ಸೇರಿ, ಈ ನೆಲ ಕನ್ನಡದ್ದೆಂದು ಸಾರಿತು. ಆದರೂ 1952ರ ಮೊದಲ ಮಹಾಚುನಾವಣೆಯಲ್ಲಿ ಬಳ್ಳಾರಿಯ ಕನ್ನಡಿಗನು ಮತ ಹಾಕಿದ್ದು ಮದರಾಸಿನ ಶಾಸನಸಭೆಗೆ. ಮರುವರ್ಷ ಆಂಧ್ರ ರಾಜ್ಯದ ರಚನೆಯಾಗುವಾಗ ಜಿಲ್ಲೆಯನ್ನು ಹರಿದು ಹಂಚುವ ಪ್ರಸಂಗ ಬಂದಿತು. ಆದವಾನಿ, ಆಲೂರು, ರಾಯದುರ್ಗ ತಾಲ್ಲೂಕುಗಳು ಆಂಧ್ರಕ್ಕೆ ಹೋದವು. ಬಳ್ಳಾರಿ ತಾಲ್ಲೂಕಿನ ಹಣೆಬರಹವು ನ್ಯಾಯಮೂರ್ತಿ ಮಿಶ್ರರ ವಿಚಾರಣೆಗೆ ಒಳಪಟ್ಟು, 1953ರ ಅಕ್ಟೋಬರ್ 1ರಂದು ಅದು ಉಳಿದ ಕನ್ನಡ ತಾಲ್ಲೂಕುಗಳೊಡನೆ ಮೈಸೂರಿಗೆ ಸೇರಿತು. ಆ ಸಂತೋಷದ ಸಮಾರಂಭಕ್ಕಾಗಿ ಹಾಕಿದ್ದ ಚಪ್ಪರವನ್ನು ಕಾಯುತ್ತಿದ್ದ ಪಿಂಜಾರ ರಂಜಾನ್ ಸಾಹೇಬನೆಂಬ ತರುಣನು ಆಸಿಡ್ ದಾಳಿಗೆ ತುತ್ತಾಗಿ ಪ್ರಾಣಬಿಟ್ಟನು. ಅಲ್ಲಿಗೂ ಕಂಟಕ ಮುಗಿಯಲಿಲ್ಲ. 1955ರಲ್ಲಿ ರಾಜ್ಯ ಪುನರ್ವಿಂಗಡಣಾ ಆಯೋಗವು ತುಂಗಭದ್ರೆಯ ಅಣೆಕಟ್ಟಿನ ನೆಪ ಮಾಡಿ ಬಳ್ಳಾರಿ, ಹೊಸಪೇಟೆ, ಸಿರುಗುಪ್ಪಗಳನ್ನು ಆಂಧ್ರಕ್ಕೆ ಕೊಡಬೇಕೆಂದು ಶಿಫಾರಸು ಮಾಡಿತು. ನ್ಯಾಯವಾದಿಗಳಾಗಿದ್ದ ಕೋ. ಚೆನ್ನಬಸಪ್ಪನವರಂಥವರು ಹಗಲಿರುಳೆನ್ನದೆ ದುಡಿದರು, ಜನರು ಬೀದಿಗೆ ಬಂದರು, ಶಿಫಾರಸು ಬಿದ್ದುಹೋಯಿತು. 1956ರ ನವೆಂಬರ್ 1ರಂದು ಬಳ್ಳಾರಿಯು ಏಕೀಕೃತ ರಾಜ್ಯದ ಅಂಗವಾಯಿತು. 1957ರಲ್ಲಿ ಈ ಊರಿನವರು ಸಮಸ್ತ ಕನ್ನಡಿಗರೊಡನೆ ಒಂದೇ ವಿಧಾನಸಭೆಗೆ ಮೊದಲ ಸಲ ಮತ ಹಾಕಿದರು.

ಈ ಪೀಠವು ಯಾರೋ ದಾನವಾಗಿ ಕೊಟ್ಟುದಲ್ಲ. ಒಬ್ಬ ಬಡವನ ಮಗನ ಜೀವವನ್ನೂ ನೂರಾರು ಜನರ ದುಡಿಮೆಯನ್ನೂ ತೆತ್ತು ಪಡೆದದ್ದು. ಅದನ್ನು ಈಗ ಯಾವ ಯಾವ ಕೈಗಳು ಹೇಗೆ ಹೇಗೆ ಆಡಿಸುತ್ತಿವೆ ಎಂದು ಕೇಳುವ ಹಕ್ಕು ಕನ್ನಡಿಗರಿಗೆಲ್ಲ ಇದೆ.

ಚುನಾವಣೆಗಳ ಚರಿತ್ರೆಯನ್ನು ಸ್ವಲ್ಪ ಬಿಚ್ಚಿ ನೋಡೋಣ. 1952ರಿಂದ 2000ದ ಉಪಚುನಾವಣೆಯ ವರೆಗೆ ಬಳ್ಳಾರಿಯು ಲೋಕಸಭೆಗೆ ಕಾಂಗ್ರೆಸ್ಸಿನವರನ್ನಲ್ಲದೆ ಬೇರೆಯವರನ್ನು ಕಳುಹಿಸಲಿಲ್ಲ. ಇಂಥ ಕೋಟೆಯಲ್ಲಿಯೂ 1994ರಲ್ಲಿ ನಗರದ ಮತದಾರನು ವಿಧಾನಸಭೆಗೆ ಎಂ. ದಿವಾಕರ ಬಾಬು ಅವರನ್ನು ಪಕ್ಷೇತರರಾಗಿಯೇ ಆರಿಸಿ ಕಳುಹಿಸಿದನು. 1999ರಲ್ಲಿ ಅವರೇ ಕಾಂಗ್ರೆಸ್ಸಿನಿಂದ ಗೆದ್ದರು. ಅದೇ ವರ್ಷ ಲೋಕಸಭೆಗಾಗಿ ಸೋನಿಯಾ ಗಾಂಧಿಯವರೂ ಸುಷ್ಮಾ ಸ್ವರಾಜರೂ ಇಲ್ಲಿ ಎದುರುಬದುರಾಗಿ, ಇಡೀ ಭಾರತದ ಕಣ್ಣು ಬಳ್ಳಾರಿಯ ಮೇಲೆ ನೆಟ್ಟಿತು. ಒಬ್ಬರು ಐವತ್ತಾರು ಸಾವಿರ ಮತಗಳಿಂದ ಗೆದ್ದು, ಅಮೇಠಿಯನ್ನು ಇಟ್ಟುಕೊಂಡು ಬಳ್ಳಾರಿಯನ್ನು ಬಿಟ್ಟರು. ಇನ್ನೊಬ್ಬರು ಸೋತು ಹೊರಟುಹೋದರು. ಜಾತ್ರೆ ಮುಗಿಯಿತು, ತೇರಿನ ಬೀದಿಯ ಧೂಳು ಮಾತ್ರ ನಮಗುಳಿಯಿತು. ದೊಡ್ಡವರು ಬಂದರೆ ಊರು ದೊಡ್ಡದಾಗುವುದೆಂಬ ಭ್ರಾಂತಿಗೆ ಅಂದೇ ಎಳ್ಳುನೀರು ಬಿಡಬೇಕಾಗಿತ್ತು, ನಾವು ಬಿಡಲಿಲ್ಲ.

2004ರಲ್ಲಿ ಗಾಳಿ ತಿರುಗಿತು. ಚೀನಾ ದೇಶಕ್ಕೆ ಅದಿರು ಹೋಗುತ್ತಿದ್ದ ಕಾಲವದು. ಕೆಂಪು ಮಣ್ಣಿಗೆ ಬಂಗಾರದ ಬೆಲೆ ಬಂದಿತ್ತು. ಆ ಚುನಾವಣೆಯಲ್ಲಿ ಭಾರತೀಯ ಜನತಾ ಪಕ್ಷದ ಬಿ. ಶ್ರೀರಾಮುಲು ವಿಧಾನಸಭೆಗೂ ಜಿ. ಕರುಣಾಕರ ರೆಡ್ಡಿಯವರು ಲೋಕಸಭೆಗೂ ಗೆದ್ದರು. 2008ರಲ್ಲಿ ಕ್ಷೇತ್ರಗಳ ಮರುವಿಂಗಡಣೆಯಾಗಿ 'ಬಳ್ಳಾರಿ ನಗರ'ವೆಂಬ ಹೊಸ ಕ್ಷೇತ್ರ ಹುಟ್ಟಿತು. ಆ ವರ್ಷ ಜಿಲ್ಲೆಯ 9 ಸ್ಥಾನಗಳಲ್ಲಿ 8 ಒಂದೇ ಪಕ್ಷದ ಪಾಲಾದವು. ಅಷ್ಟು ದೊಡ್ಡ ಅಲೆಯಲ್ಲಿಯೂ ಈ ನಗರದ ಮತದಾರನು ಜಿ. ಸೋಮಶೇಖರ ರೆಡ್ಡಿಯವರನ್ನು ಗೆಲ್ಲಿಸಿದ್ದು ಸುಮಾರು ಒಂದು ಸಾವಿರ ಮತಗಳ ಅಂತರದಿಂದ ಮಾತ್ರ. ಸಾವಿರ ಮತವೆಂದರೆ ಒಂದು ಬೀದಿ. ಆ ಬೀದಿಯ ಓದುಬಲ್ಲವರು ಅಂದು ಏನು ಮಾಡುತ್ತಿದ್ದರೆಂದು ಯಾರೂ ಕೇಳಲಿಲ್ಲ.

ಮುಂದೆ ನಡೆದುದು ಜಗಜ್ಜಾಹೀರಾದ ಸಂಗತಿ. 2011ರ ಜುಲೈಯಲ್ಲಿ ಲೋಕಾಯುಕ್ತ ಸಂತೋಷ ಹೆಗ್ಡೆಯವರ ವರದಿ ಹೊರಬಂದಿತು, ಮುಖ್ಯಮಂತ್ರಿಗಳು ಕುರ್ಚಿ ಬಿಟ್ಟರು, ಸರ್ವೋಚ್ಚ ನ್ಯಾಯಾಲಯವು ಬಳ್ಳಾರಿಯ ಗಣಿಗಾರಿಕೆಯನ್ನೇ ನಿಲ್ಲಿಸಿತು, ಸೆಪ್ಟೆಂಬರಿನಲ್ಲಿ ಜಿ. ಜನಾರ್ದನ ರೆಡ್ಡಿಯವರ ಬಂಧನವಾಯಿತು. 2013ರಲ್ಲಿ ನಗರದ ಮತದಾರನು ಕಾಂಗ್ರೆಸ್ಸಿನ ಅನಿಲ್ ಲಾಡ್ ಅವರನ್ನು ಆರಿಸಿದನು. ಅವರೂ ಗಣಿ ಉದ್ಯಮದವರೇ. 2018ರಲ್ಲಿ ಮತ್ತೆ ಸೋಮಶೇಖರ ರೆಡ್ಡಿಯವರು ಬಂದರು. 2023ರಲ್ಲಿ ನಡೆದುದಂತೂ ಒಂದು ಮನೆಯ ಪಡಸಾಲೆಯ ಜಗಳವೇ ಮತಪೆಟ್ಟಿಗೆಗೆ ಬಂದಂತಿತ್ತು. ನ್ಯಾಯಾಲಯದ ಷರತ್ತಿನಿಂದ ಬಳ್ಳಾರಿಗೆ ಕಾಲಿಡಲಾಗದೆ ಜನಾರ್ದನ ರೆಡ್ಡಿಯವರು ಹೊಸ ಪಕ್ಷ ಕಟ್ಟಿ ತಾವು ಗಂಗಾವತಿಯಲ್ಲಿ ನಿಂತು, ನಗರದಲ್ಲಿ ಪತ್ನಿಯನ್ನು ನಿಲ್ಲಿಸಿದರು. ಎದುರಿಗೆ ಸ್ವಂತ ಸಹೋದರ. ಬದಿಯಲ್ಲಿ ಪಕ್ಷ ಬದಲಿಸಿದ ಹಳೆಯ ಪ್ರತಿಸ್ಪರ್ಧಿ. ಮತದಾರನು ಇವರೆಲ್ಲರನ್ನೂ ಬಿಟ್ಟು ಕಾಂಗ್ರೆಸ್ಸಿನ ನಾರಾ ಭರತ್ ರೆಡ್ಡಿಯವರಿಗೆ ಸುಮಾರು 38 ಸಾವಿರ ಮತಗಳ ಅಂತರದ ಜಯ ಕೊಟ್ಟನು. ಅವರೂ ಮಾಜಿ ಶಾಸಕರೊಬ್ಬರ ಪುತ್ರರು.

ಈ ಲೆಕ್ಕವನ್ನು ಕಣ್ತೆರೆದು ನೋಡಿರಿ. 2013, 2018, 2023, ಈ ಮೂರು ಚುನಾವಣೆಗಳಲ್ಲಿ ಪ್ರತಿಸಲವೂ ಪೀಠ ಕೈಬದಲಾಯಿಸಿದೆ. ಹಣವೇ ಮತ ಹಾಕುವ ಊರಾಗಿದ್ದರೆ ಹಣವುಳ್ಳವನು ಒಮ್ಮೆ ಕುಳಿತ ಮೇಲೆ ಏಳುವುದುಂಟೆ? ಹಣ ತೆಗೆದುಕೊಂಡೆನೆಂದು ನೀವು ಹಳಿಯುವ ಆ ಬಡಮತದಾರನು ಕೊಟ್ಟವನನ್ನೇ ಸೋಲಿಸಿ ಕಳುಹಿಸುವ ಧೈರ್ಯವನ್ನು ತೋರಿದ್ದಾನೆ. ಅವನ ಕೈಯಲ್ಲಿ ಇದ್ದುದು ಅಷ್ಟೇ. ಒಂದು ದೊಡ್ಡ ಮನೆಯವರನ್ನು ಇಳಿಸಿದಾಗ ಎದುರಿಗೆ ನಿಂತಿದ್ದುದು ಇನ್ನೊಂದು ದೊಡ್ಡ ಮನೆಯವರು. ಎರಡು ತಕ್ಕಡಿಯಲ್ಲಿಯೂ ಅದಿರನ್ನೇ ತುಂಬಿಟ್ಟು, ನೀನು ಅಕ್ಕಿಯನ್ನೇಕೆ ಆರಿಸಲಿಲ್ಲವೆಂದು ಕೇಳಿದರೆ ಅವನು ಏನು ಹೇಳಬೇಕು?

ಹೀಗೇಕಾಯಿತೆಂಬುದಕ್ಕೆ ಒಂದು ಕಾರಣವುಂಟು. ಸುಶಿಕ್ಷಿತರು ಅದನ್ನು ಅರ್ಧ ಮಾತ್ರ ಹೇಳುತ್ತಾರೆ. 2021ರಲ್ಲಿ ವಿಜಯನಗರ ಜಿಲ್ಲೆ ಬೇರೆಯಾದ ಮೇಲೆ ಬಳ್ಳಾರಿ ಜಿಲ್ಲೆಗೆ ಉಳಿದುದು 5 ವಿಧಾನಸಭಾ ಕ್ಷೇತ್ರಗಳು. ಅವುಗಳಲ್ಲಿ ಸಿರುಗುಪ್ಪ, ಕಂಪ್ಲಿ, ಸಂಡೂರು, ಬಳ್ಳಾರಿ ಗ್ರಾಮಾಂತರ ಈ ನಾಲ್ಕೂ ಪರಿಶಿಷ್ಟ ಪಂಗಡಗಳಿಗೆ ಮೀಸಲು. ಹಿಂದೆ ಇದ್ದ ಕುರುಗೋಡು ಕ್ಷೇತ್ರವು 2008ರಲ್ಲಿ ಅಳಿದೇಹೋಯಿತು. ಸಾಮಾನ್ಯ ಕ್ಷೇತ್ರವೆಂದು ಉಳಿದಿರುವುದು ಬಳ್ಳಾರಿ ನಗರವೊಂದೇ. ಆದುದರಿಂದ ಜಿಲ್ಲೆಯಲ್ಲಿ ಉಳಿದ ಜಾತಿಗಳ ಯಾವ ಯಾವ ಬಲ್ಲಿದರಿಗೆ ಶಾಸಕರಾಗುವ ಆಸೆಯಿದೆಯೋ ಅವರೆಲ್ಲರೂ ಈ ಒಂದೇ ಬಾಗಿಲಿಗೆ ನುಗ್ಗುತ್ತಾರೆ. ಬಾಗಿಲು ಒಂದು, ನುಗ್ಗುವವರು ಹಲವರು. ನೂಕುನುಗ್ಗಲಿನಲ್ಲಿ ಮೊಣಕೈ ಗಟ್ಟಿಯಿದ್ದವನಿಗಷ್ಟೇ ದಾರಿ. ಹೆಸರಿಗೆ ಸಾಮಾನ್ಯ ಕ್ಷೇತ್ರ. ಆದರೆ ಅಲ್ಲಿ ಸಾಮಾನ್ಯನು ನಿಲ್ಲುವುದಿರಲಿ, ನಿಲ್ಲುವ ಕನಸನ್ನೂ ಕಾಣಲಾರ.

ಇಷ್ಟು ಹೇಳಿದೊಡನೆ ಕೆಲವರು, "ನೋಡಿದಿರಾ, ತಪ್ಪೆಲ್ಲ ಮೀಸಲಾತಿಯದು" ಎಂದು ಕೈತಟ್ಟುವರು. ಅವರಿಗೆ ನಮ್ಮ ಉತ್ತರ ಸ್ಪಷ್ಟವಾಗಿದೆ. ಶತಮಾನಗಳ ಕಾಲ ಹೊರಗೆ ನಿಂತವರಿಗೆ ಒಳಗೆ ಸ್ಥಾನ ಕೊಟ್ಟುದು ನ್ಯಾಯ. ನಾಲ್ಕು ಕ್ಷೇತ್ರಗಳಲ್ಲಿ ನಾಯಕರ ಮಕ್ಕಳು ಶಾಸಕರಾಗುವುದರಿಂದ ಬ್ರೂಸ್‌ಪೇಟೆಯ ವಕೀಲನ ಬಾಯಿಗೆ ಬೀಗ ಬಿದ್ದುದಿಲ್ಲ. ಐದನೆಯ ಕ್ಷೇತ್ರವು ಎಲ್ಲರಿಗೂ ತೆರೆದಿರುವಾಗ ಅದನ್ನು ಎರಡು ಮೂರು ಮನೆತನಗಳ ಹಿತ್ತಿಲಾಗಲು ಬಿಟ್ಟವರು ಯಾರು? ಸಂವಿಧಾನವೇ? ಅಲ್ಲ, ನಾವು.

ಮತ್ತೆ ಕೆಲವರು ಎಲ್ಲ ದೋಷವನ್ನೂ ತೆಲುಗಿನ ಮೇಲೆ ಹೊರಿಸುವರು. ಕನ್ನಡದ ಅಭಿಮಾನದಿಂದಲೇ ಬರೆಯುವ ನಾವು ಈ ಮಾತನ್ನು ಅಷ್ಟೇ ಬಲವಾಗಿ ತಳ್ಳಿಹಾಕುತ್ತೇವೆ. ಬಳ್ಳಾರಿಯಲ್ಲಿ ತೆಲುಗು ಇಂದು ನಿನ್ನೆ ಬಂದದ್ದಲ್ಲ. ವಕೀಲರೂ ಮಹಾನಟರೂ ಆಗಿದ್ದ ಬಳ್ಳಾರಿ ರಾಘವ ತೆಲುಗು ರಂಗಭೂಮಿಯ ಮುಕುಟಮಣಿ. ಗಮಕ ನಾಟಕಗಳೆರಡರಲ್ಲಿಯೂ ಹೆಸರಾದ ಜೋಳದರಾಶಿ ದೊಡ್ಡನಗೌಡರು ಎರಡೂ ಭಾಷೆಗಳನ್ನು ಅಂಗೈಯಲ್ಲಿಟ್ಟುಕೊಂಡು ಬಾಳಿದರು. ಗಡಿಯ ಗೆರೆಗಾಗಿ ನಮ್ಮ ಹಿರಿಯರು ಹೋರಾಡಿದ್ದು ಆಡಳಿತ ಕನ್ನಡದಲ್ಲಿ ನಡೆಯಬೇಕೆಂದು. ನೆರೆಮನೆಯವನ ಮಾತನ್ನು ದ್ವೇಷಿಸಬೇಕೆಂದಲ್ಲ. ಆ ಗೆರೆಗೆ ನಿಜವಾದ ಅಪಚಾರವಾದುದು ಬೇರೆ ಕಡೆಯಿಂದ. ಗಣಿಯ ಪ್ರದೇಶದಲ್ಲಿ ಆಂಧ್ರ ಕರ್ನಾಟಕಗಳ ಗಡಿಗುರುತುಗಳೇ ಅಳಿದವೆಂಬ ದೂರು ಸರ್ವೋಚ್ಚ ನ್ಯಾಯಾಲಯದ ವರೆಗೆ ಹೋಗಿ, ಭಾರತೀಯ ಸರ್ವೇಕ್ಷಣ ಇಲಾಖೆಯವರು ಬಂದು ಮರಳಿ ಅಳೆಯಬೇಕಾಯಿತು. ಓಬಳಾಪುರ ಗಣಿಯ ಮೊಕದ್ದಮೆಯಲ್ಲಿ 2025ರ ಮೇ ತಿಂಗಳಲ್ಲಿ ಹೈದರಾಬಾದಿನ ವಿಶೇಷ ನ್ಯಾಯಾಲಯವು ಜನಾರ್ದನ ರೆಡ್ಡಿಯವರಿಗೆ 7 ವರ್ಷಗಳ ಶಿಕ್ಷೆ ವಿಧಿಸಿತು. ಮರುತಿಂಗಳು ತೆಲಂಗಾಣದ ಉಚ್ಚ ನ್ಯಾಯಾಲಯವು ಆ ಶಿಕ್ಷೆಯನ್ನು ಅಮಾನತಿನಲ್ಲಿಟ್ಟಿತು. ಮೊಕದ್ದಮೆಯ ಕೊನೆಯ ತೀರ್ಪು ನ್ಯಾಯಾಲಯದ ಕೆಲಸ. ಅದರಲ್ಲಿ ನಾವು ಕೈಹಾಕುವುದಿಲ್ಲ. ಆದರೆ ಯಾವ ಗಡಿಗಾಗಿ ರಂಜಾನ್ ಸಾಹೇಬನು ಪ್ರಾಣ ಕೊಟ್ಟನೋ ಅದರ ಗುರುತುಗಳೇ ಅಳಿದವೆಂಬ ಸುದ್ದಿ ಬಂದಾಗ ಊರಿನಲ್ಲಿ ಎಷ್ಟು ಸಭೆಗಳು ಸೇರಿದವು? ಈ ಪ್ರಶ್ನೆಗೆ ಉತ್ತರ ಕೊಡಬೇಕಾದವರು ನಾಗರಿಕರು.

ಇನ್ನು ಸುಶಿಕ್ಷಿತರ ಮೇಲಿನ ಆಪಾದನೆಯನ್ನು ಸಾಕ್ಷಿಸಹಿತವಾಗಿ ಮಂಡಿಸುತ್ತೇವೆ. ಮೊದಲನೆಯ ಸಾಕ್ಷಿ ಮಹಾನಗರಪಾಲಿಕೆ. ಬಳ್ಳಾರಿ ಪಾಲಿಕೆಗೆ 39 ವಾರ್ಡುಗಳು. 2021ರ ಏಪ್ರಿಲಿನಲ್ಲಿ ಅವಕ್ಕೆ ಚುನಾವಣೆ ನಡೆದು ಫಲಿತಾಂಶವೂ ಬಂದಿತು. ಆದರೆ ಮೇಯರ್ ಆಯ್ಕೆಯಾದುದು 2022ರ ಮಾರ್ಚಿನಲ್ಲಿ. ಹತ್ತಿರ ಹತ್ತಿರ ಒಂದು ವರ್ಷ ಊರಿನ ಜನ ಆರಿಸಿದ ಸದಸ್ಯರು ತಲೆಯಿಲ್ಲದ ಮುಂಡದಂತೆ ಕುಳಿತರು. ಮನೆಯ ನಳದಲ್ಲಿ ಒಂದು ದಿನ ನೀರು ಬಾರದಿದ್ದರೆ ಬೀದಿಗೆ ಬರುವ ನಾವು, ನೀರಿನ ಲೆಕ್ಕ ಕೇಳತಕ್ಕ ಸಭೆಗೇ ಯಜಮಾನನಿಲ್ಲದಾಗ ಬಾಯಿ ಬಿಡಲಿಲ್ಲ. ಮುಂದಿನ ಶಾಸಕರು ತಯಾರಾಗತಕ್ಕ ಗರಡಿ ಈ ಪಾಲಿಕೆಯೇ. ಗರಡಿಗೆ ನಮ್ಮವರು ಯಾರೂ ಇಳಿಯದಿದ್ದರೆ ಅಖಾಡದಲ್ಲಿ ಬೇರೆಯವರ ಪೈಲವಾನರಲ್ಲದೆ ಇನ್ನಾರು ಕಾಣಿಸಿಕೊಂಡಾರು?

ಎರಡನೆಯ ಸಾಕ್ಷಿ ಕಾಯಿದೆಯ ಪುಸ್ತಕದಲ್ಲಿದೆ. ಉಮೇದುವಾರನು ತನ್ನ ಆಸ್ತಿ, ಸಾಲ, ವಿದ್ಯಾರ್ಹತೆ, ತನ್ನ ಮೇಲಿರುವ ಮೊಕದ್ದಮೆಗಳು ಇವೆಲ್ಲವನ್ನೂ ಪ್ರಮಾಣಪತ್ರದಲ್ಲಿ ಬರೆದುಕೊಡಬೇಕೆಂಬ ನಿಯಮವು ಸರ್ವೋಚ್ಚ ನ್ಯಾಯಾಲಯದ 2002, 2003ರ ತೀರ್ಪುಗಳಿಂದ ಬಂದಿದೆ. ಆ ಪತ್ರಗಳನ್ನು ಯಾರು ಬೇಕಾದರೂ ಓದಬಹುದು. ವಿಧಾನಸಭೆಯ ಉಮೇದುವಾರನು ಮಾಡಬಹುದಾದ ವೆಚ್ಚದ ಮಿತಿಯು ನಮ್ಮ ರಾಜ್ಯದಲ್ಲಿ 2022ರಿಂದ 40 ಲಕ್ಷ ರೂಪಾಯಿ. ಆದರೆ ಪಕ್ಷವು ಮಾಡುವ ವೆಚ್ಚಕ್ಕೆ ಅಂಥ ಮಿತಿಯಿಲ್ಲ. ಬಾಗಿಲಿಗೆ ಬೀಗ ಹಾಕಿ ಗೋಡೆಯಲ್ಲಿ ಕಂಡಿ ಬಿಟ್ಟಂತಹ ಕಾಯಿದೆ ಇದು. ಮತದಾರನಿಗೆ ಇದು ತಿಳಿಯದಿರಬಹುದು. ವಕೀಲರಿಗೆ ತಿಳಿಯದೆ? ಕೋರ್ಟಿನಲ್ಲಿ ಎದುರುಪಕ್ಷದವನ ದಸ್ತಾವೇಜನ್ನು ಅಕ್ಷರ ಅಕ್ಷರ ಬಿಡಿಸಿ ಓದುವ ನಮ್ಮ ಬಂಧುಗಳು, ಉಮೇದುವಾರರ ಪ್ರಮಾಣಪತ್ರವನ್ನು ಒಂದು ಸಾಯಂಕಾಲ ಕಟ್ಟೆಯ ಮೇಲೆ ನಿಂತು ಜನರಿಗೆ ತಿಳಿಗನ್ನಡದಲ್ಲಿ ಓದಿ ಹೇಳಬಾರದೆ? ಅದಕ್ಕೆ ಯಾವ ಪರವಾನಗಿ ಬೇಕು?

ಮೂರನೆಯ ಸಾಕ್ಷಿ ಹಣದ್ದೇ. 2015ರ ಕಾಯಿದೆಯಂತೆ ಗಣಿಯ ಜಿಲ್ಲೆಗಳಲ್ಲಿ ಜಿಲ್ಲಾ ಖನಿಜ ಪ್ರತಿಷ್ಠಾನಗಳು ಆದವು. ಗಣಿಯಿಂದ ನೊಂದ ಊರುಗಳ ಪುನಶ್ಚೇತನಕ್ಕೆಂದು ಸರ್ವೋಚ್ಚ ನ್ಯಾಯಾಲಯದ ಮೇಲುಸ್ತುವಾರಿಯಲ್ಲಿ ಬೇರೊಂದು ದೊಡ್ಡ ನಿಧಿಯೂ ಇದೆ. ಈ ಹಣ ಯಾರ ಔದಾರ್ಯವೂ ಅಲ್ಲ. ಧೂಳು ಕುಡಿದ ಎದೆಗಳ, ಬರಿದಾದ ಗುಡ್ಡಗಳ ಪರಿಹಾರ. ಇದರಲ್ಲಿ ಎಷ್ಟು ಆಸ್ಪತ್ರೆಗೆ, ಎಷ್ಟು ಶಾಲೆಗೆ, ಎಷ್ಟು ಕಮಾನು ಗೋಪುರಗಳ ಅಲಂಕಾರಕ್ಕೆ ಹೋಯಿತೆಂದು ಚುನಾವಣೆಯ ಕಾಲದಲ್ಲಿ ಯಾವ ಉಮೇದುವಾರನನ್ನಾದರೂ ಊರಿನ ಪ್ರಮುಖರು ನಿಲ್ಲಿಸಿ ಕೇಳಿದರೇ?

ಅಸ್ತು. ಬರೀ ಬೈದರೆ ಸಾಲದು, ಮಾಡತಕ್ಕದ್ದೇನೆಂಬುದನ್ನೂ ಹೇಳಬೇಕು. ನಾವು ಹೊಸ ಪಕ್ಷ ಕಟ್ಟಿರೆಂದು ಹೇಳುವುದಿಲ್ಲ. ಪಕ್ಷಗಳು ಸಾಕಷ್ಟಿವೆ. ಪ್ರತಿಯೊಂದು ವಾರ್ಡಿನಲ್ಲಿ ಹತ್ತು ಜನ ವಕೀಲರು, ವರ್ತಕರು, ನಿವೃತ್ತ ಉಪಾಧ್ಯಾಯರು, ಜೀನ್ಸ್ ಹೊಲಿಯುವ ದರ್ಜಿಗಳು ಕೂಡಿ ಒಂದು ಮತದಾರರ ಸಭೆಯನ್ನು ಮಾಡಲಿ. ಕೌಲ್ ಬಜಾರಿನ ಕಡೆಯ ವಾರ್ಡುಗಳು ಗ್ರಾಮಾಂತರ ಕ್ಷೇತ್ರಕ್ಕೆ ಸೇರಿದ್ದರೂ ಪಾಲಿಕೆ ಒಂದೇ, ನೀರು ಒಂದೇ, ಅಲ್ಲಿಯವರನ್ನೂ ಕರೆಯಲಿ. ಪಕ್ಷಗಳು ಟಿಕೆಟ್ಟು ಹಂಚುವುದಕ್ಕೆ ಆರು ತಿಂಗಳು ಮೊದಲೇ ಆ ಸಭೆಯು ಎಲ್ಲ ಪಕ್ಷಗಳಿಗೂ ಪತ್ರ ಬರೆದು, ನಮ್ಮ ಊರಿನಲ್ಲಿ ದುಡಿದ ಇಂತಿಂಥವರಿದ್ದಾರೆ, ಇವರನ್ನು ನಿಲ್ಲಿಸಿರಿ ಎಂದು ಕೇಳಲಿ. ನಿಂತವರಿಂದ ನೀರು, ಖನಿಜದ ಹಣ, ಪಾಲಿಕೆಯ ಚುನಾವಣೆ, ಗಡಿಯೂರುಗಳ ಕನ್ನಡ ಶಾಲೆ ಈ ನಾಲ್ಕು ವಿಷಯಗಳ ಮೇಲೆ ಸಹಿ ಹಾಕಿದ ಉತ್ತರವನ್ನು ಪಡೆಯಲಿ. ಉತ್ತರ ಕೊಡದವನ ಹೆಸರನ್ನು ಊರಿಗೆ ಸಾರಲಿ.

ಸರಕಾರಿ ಉಪಾಧ್ಯಾಯರಿಗೆ ರಾಜಕಾರಣ ನಿಷಿದ್ಧವೆಂಬುದನ್ನು ನಾವು ಅರಿಯದವರಲ್ಲ. ಆದರೆ ಮತದಾರರ ಪಟ್ಟಿಯನ್ನು ಹಿಡಿದು ಮನೆಮನೆಗೆ ಅಲೆಯುವವರು ಅವರೇ. ಮತಗಟ್ಟೆಯಲ್ಲಿ ಕುಳಿತು ಬೆರಳಿಗೆ ಶಾಯಿ ಹಚ್ಚುವವರೂ ಅವರೇ. ಪಟ್ಟಿಯಲ್ಲಿ ಸತ್ತವನ ಹೆಸರು ಉಳಿಯದಂತೆ, ಇದ್ದವನ ಹೆಸರು ಬಿಟ್ಟುಹೋಗದಂತೆ ನೋಡಿದರೆ ಅದೇ ಅವರ ದೇಶಸೇವೆ. ಇನ್ನು ಪೌರನೀತಿಯ ಪಾಠವನ್ನು ಪರೀಕ್ಷೆಯ ಎರಡು ಅಂಕಗಳಿಗಾಗಿ ಕಲಿಸದೆ, ತಮ್ಮ ಊರಿನ ಕ್ಷೇತ್ರದ ಚರಿತ್ರೆಯನ್ನೇ ಉದಾಹರಣೆಯಾಗಿ ಹೇಳಿದರೆ ಹದಿನೆಂಟು ತುಂಬಲಿರುವ ಮಕ್ಕಳಿಗೆ ಅದಕ್ಕಿಂತ ದೊಡ್ಡ ಉಪಕಾರವಿಲ್ಲ.

ತಡಮಾಡುವ ಕಾಲವೂ ಇದಲ್ಲ. 2026ರ ನಂತರದ ಮೊದಲ ಜನಗಣತಿಯ ಆಧಾರದ ಮೇಲೆ ಕ್ಷೇತ್ರಗಳ ಗೆರೆಗಳನ್ನು ಮತ್ತೆ ಎಳೆಯುವ ಮಾತು ಸಂವಿಧಾನದಲ್ಲಿಯೇ ಇದೆ. 1953ರಲ್ಲಿ ಮಿಶ್ರರ ಮುಂದೆ ಬಳ್ಳಾರಿಯವರು ದಾಖಲೆಗಳನ್ನು ಹೊತ್ತುಕೊಂಡು ಹೋಗಿ ವಾದಿಸಿದರು, ಆದುದರಿಂದ ಗೆದ್ದರು. 2008ರ ಮರುವಿಂಗಡಣೆಯ ಕಾಲಕ್ಕೆ ಊರಿನ ವಾರ್ಡುಗಳು ಎರಡು ಪಾಲಾದಾಗ ಅಂಥ ದನಿ ನಮ್ಮಿಂದ ಏಳಲಿಲ್ಲ. ನಾಳೆ ಆಯೋಗವು ಬಂದು ಕುಳಿತಾಗ ಅದರ ಮುಂದೆ ಯಾರು ನಿಲ್ಲುವರು? ಮನೆತನಗಳ ವಕಾಲತ್ತು ವಹಿಸಿದವರು ಮಾತ್ರವೋ, ಊರಿನ ವಕಾಲತ್ತು ವಹಿಸಿದವರೂ ಇರುವರೋ?

ಬಳ್ಳಾರಿಯ ನಾಗರಿಕ ಬಂಧುಗಳೇ, ಮತದಾರನನ್ನು ಹಳಿಯುವ ಚಪಲವನ್ನು ಇಂದೇ ಬಿಡಿರಿ. ಅವನು ತನ್ನ ಪಾಲಿನ ಕೆಲಸವನ್ನು ಐದು ವರ್ಷಕ್ಕೊಮ್ಮೆ ಬಿಸಿಲಲ್ಲಿ ನಿಂತು ಮಾಡಿದ್ದಾನೆ. ನಡುವಣ ಐದು ವರ್ಷಗಳ ಕೆಲಸ ನಿಮ್ಮದು. ಮುಂದಿನ ಚುನಾವಣೆಯಲ್ಲಿ ಅವನ ಮುಂದೆ ಊರಿನ ಸಾಮಾನ್ಯನೊಬ್ಬನನ್ನು ನಿಲ್ಲಿಸಿಕೊಡಿರಿ. ಅವನನ್ನೂ ಮತದಾರನು ತಳ್ಳಿಹಾಕಿದರೆ ಆಗ ಬಂದು ಬಳ್ಳಾರಿಯ ಮತದಾರನು ಮಾರಿಕೊಂಡವನೆಂದು ಹೇಳಿರಿ. ಅಲ್ಲಿಯ ವರೆಗೆ ಆ ಮಾತನ್ನಾಡುವ ಅಧಿಕಾರ ನಿಮಗೂ ಇಲ್ಲ, ನಮಗೂ ಇಲ್ಲ.